ಕೆಡಿಸಲು ಹೋದ ಮಾದರಿ ಪಾಠ

ಚೆನ್ನಾಗಿ ಪಾಠ ಮಾಡುವ ಮೇಷ್ಟ್ರಿಗೆ ಸಿಗುವ ಬಹುಮಾನ ಇನ್ನೊಂದಿಷ್ಟು ಕೆಲಸ. ಗುಬ್ಬಿ ಕಡೆಯ ಶಾಲೆಗಳ ಶಿಕ್ಷಕರು ತಿಂಗಳಿಗೊಮ್ಮೆ ಸೇರಿ ಒಬ್ಬರಿಂದೊಬ್ಬರು ಕಲಿಯುವ ಸಭೆಯಲ್ಲಿ ಈ ಸಲದ ಮಾದರಿ ಪಾಠ ತನ್ನದೆಂದು ತಿಳಿದಾಗ ಅನಂತರಾಜುವಿಗೆ ಊಟ ಸೇರಲಿಲ್ಲ. ಪಾಠ ಚೆನ್ನಾಗಾದರೆ ದಸರಾ ರಜೆಯಲ್ಲಿ ತುಮಕೂರಿನ ತರಬೇತಿಗೆ ಉಳಿದ ಮೇಷ್ಟ್ರುಗಳಿಗೆ ಹೇಳಿಕೊಡುವ ಸಂಪನ್ಮೂಲ ವ್ಯಕ್ತಿಯಾಗಿ ಹೋಗಬೇಕು. ಅದೇ ರಜೆಯಲ್ಲಿ ಹೆಂಡತಿ ಸಂಧ್ಯಾಳಿಗೆ ಸಮುದ್ರ ತೋರಿಸುವುದಾಗಿ ಮಾತು ಕೊಟ್ಟಿದ್ದ. ಮದುವೆಯಾದಾಗಿನಿಂದ ಕೊಡುತ್ತಲೇ ಇದ್ದ ಮಾತು.

“ಈ ಸಲವೂ ಟ್ರೈನಿಂಗು ಅಂದ್ರೆ ನಾನೊಬ್ಳೇ ಹೋಗ್ತೀನಿ, ಅಷ್ಟೇ!” ಎಂದು ತುಮಕೂರಿನ ಬಟವಾಡಿಯ ಮನೆ ಬಾಗಿಲಲ್ಲೇ ಅವಳು ಹೇಳಿದ್ದಳು.

“ಅದಕ್ಯಾಕ್ ಸಾರ್ ತಲೆ ಬಿಸಿ? ಪಾಠ ಕೆಡಿಸ್ಬಿಡಿ,” ಎಂದು ಬಸ್ಸಿನಲ್ಲಿ ಸಹೋದ್ಯೋಗಿ ನಾಗಭೂಷಣ್ ಉಪಾಯ ಹೇಳಿಕೊಟ್ಟ.

ಅನಂತರಾಜು ಬರಿಗೈಲಿ ಐದನೇ ತರಗತಿಗೆ ನುಗ್ಗಿದ. “ಇವತ್ತು ಭಿನ್ನರಾಶಿ. ನೀವೇ ಮಾಡ್ಕೊಳ್ರಪ್ಪ,” ಎಂದವನೇ ಕುರ್ಚಿಯಲ್ಲಿ ಕೂತುಬಿಟ್ಟ.

ಹಿಂದೆ ಕೂತಿದ್ದ ಶಿಕ್ಷಕರಲ್ಲಿ ಮಾನಸಾ ಮೇಡಂ ಪಕ್ಕದಲ್ಲಿದ್ದ ನಾಗಭೂಷಣನಿಗೆ ಪಿಸುಗುಟ್ಟಿದರು: “ಚಾರ್ಟಿಲ್ಲ, ಭಾಷಣ ಇಲ್ಲ! ಮಕ್ಕಳಿಗೇ ಬಿಟ್ಟಿದಾರೆ ನೋಡಿ.”

ಶಿಕ್ಷಕರೆಲ್ಲರೂ ಬರೆದುಕೊಳ್ಳತೊಡಗಿದರು. ಅನಂತರಾಜು ಗಾಬರಿಯಿಂದ ಎದ್ದು, ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿದರೆ ಐದರಲ್ಲಿ ಎರಡು ಭಾಗ ಎಂದು ಬೋರ್ಡಿನ ಮೇಲೆ ದಪ್ಪಗೆ ತಪ್ಪು ಲೆಕ್ಕ ಬರೆದ.

ಮುಂದಿನ ಸಾಲಿನ ಹುಡುಗಿ ಮಧ್ಯಾಹ್ನ ಕೊಟ್ಟ ಚಿಕ್ಕಿ ಹಿಡಿದು ನಿಂತಳು. “ಸಾರ್, ಅರ್ಧ ಚಿಕ್ಕಿಗೆ ಇನ್ನೊಂದ್ ಚೂರು ಸೇರ್ಸಿದ್ರೆ ಅರ್ಧಕ್ಕಿಂತ ಕಮ್ಮಿ ಹೆಂಗಾಗುತ್ತೆ?”

ತರಗತಿ ಸಂತೆಯಂತಾಯಿತು. ಮಕ್ಕಳು ಚಿಕ್ಕಿ ಮುರಿದರು, ಜೋಡಿಸಿದರು, ಕಿತ್ತಾಡಿದರು. ಸದ್ಯ, ಕೆಟ್ಟಿತು ಎಂದು ಅನಂತರಾಜು ಉಸಿರು ಬಿಡುವಷ್ಟರಲ್ಲಿ ನಾಲ್ಕಾರು ದನಿಗಳು ಒಟ್ಟಿಗೆ ಕೂಗಿದವು: “ಆರರಲ್ಲಿ ಐದು ಸಾರ್!”

“ಬೇಕಂತ್ಲೇ ತಪ್ಪು ಬರೆದು ಮಕ್ಕಳ ಕೈಲೇ ಹಿಡಿಸಿದ್ರಲ್ಲ!” ಎಂದು ಮಾನಸಾ ಮೇಡಂ ಚಪ್ಪಾಳೆ ತಟ್ಟಿದರು. ಸಭೆ ನಡೆಸುವ ವೀರಭದ್ರಯ್ಯನವರಂತೂ ಎದ್ದು ಬಂದು ಕೈ ಕುಲುಕಿದರು.

“ಭೇಷ್ ಮೇಷ್ಟ್ರೇ! ದಸರಾ ಟ್ರೈನಿಂಗಿಗೆ ನೀವೇ ಸಂಪನ್ಮೂಲ ವ್ಯಕ್ತಿ.”

ಅನಂತರಾಜುವಿಗೆ ಮಾನಕ್ಕಿಂತ ರಜೆ ದೊಡ್ಡದೆನಿಸಿತು. “ಸಾರ್, ದೇವ್ರಾಣೆ ಬೇಕಂತ ಬರೆದಿದ್ದಲ್ಲ. ನಂಗೆ ಭಿನ್ನರಾಶಿನೇ ನೆಟ್ಟಗೆ ಬರಲ್ಲ!”

ವೀರಭದ್ರಯ್ಯ ಕನ್ನಡಕ ತೆಗೆದು ಒರೆಸಿಕೊಂಡು, ಪಟ್ಟಿಯಿಂದ ಅವನ ಹೆಸರು ಹೊಡೆದುಹಾಕಿದರು. ಬೀಸೋ ದೊಣ್ಣೆ ತಪ್ಪಿತೆಂದು ಅನಂತರಾಜುವಿನ ಮನಸ್ಸು ಹಗುರಾಯಿತು.

“ಒಪ್ಕೊಂಡ್ರಲ್ಲ, ದೊಡ್ಡ ಗುಣ,” ಎಂದರು ವೀರಭದ್ರಯ್ಯ ಮೆತ್ತಗೆ. “ಬರದೇ ಇರೋರಿಗೇ ಅಲ್ವಾ ಟ್ರೈನಿಂಗ್ ಇರೋದು? ಅದೇ ದಸರಾ ರಜೇಲಿ ಕಲಿಯೋಕೆ ಬನ್ನಿ. ನಿಮ್ ಬದ್ಲು ನಮ್ ನಾಗಭೂಷಣ್ ಹೇಳ್ಕೊಡ್ತಾರೆ.”

“ಏನು ಹೇಳ್ಕೊಡ್ತಾರೆ ಸಾರ್?”

“ಇನ್ನೇನು, ಇವತ್ತು ನೀವು ಮಾಡಿದ್ ಪಾಠನೇ.”