ನನ್ನ ಅಕ್ಷರದ ಪಾಕೀಟು

ತಮಗೆ ಹೊಟ್ಟೆಕಿಚ್ಚೇ ಇಲ್ಲ ಎನ್ನುವವರನ್ನು ಕಂಡರೆ ನನಗೆ ಅದಕ್ಕೂ ಹೊಟ್ಟೆಕಿಚ್ಚಾಗುತ್ತದೆ. ನನ್ನಲ್ಲಿ ಅದು ಧಾರಾಳವಾಗಿದೆ. ಹಾಗೆಂದು ಎಲ್ಲದಕ್ಕೂ ಉರಿಯುವವನಲ್ಲ. ಪಕ್ಕದ ಮನೆಯವರು ಹೊಸ ರೇಡಿಯೋ ತಂದರೆ ಕೇಳಿ ಸಂತೋಷಪಡುತ್ತೇನೆ, ಷಡ್ಡಕನಿಗೆ ಬಡ್ತಿ ಸಿಕ್ಕರೆ ಪೇಢೆ ತಿಂದು ಬರುತ್ತೇನೆ. ಆದರೆ ಇನ್ನೊಬ್ಬನ ಕವನಸಂಕಲನ ಅಚ್ಚಾಯಿತೆಂದರೆ ಎರಡು ದಿನ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಬೆಟಗೇರಿಯ ಶಾಲೆಯೊಂದರಲ್ಲಿ ಕನ್ನಡ ಮಾಸ್ತರನಾಗಿದ್ದೆ. ಸುತ್ತಮುತ್ತ ಕವನ ಪ್ರಕಟಿಸುವ ಹವ್ಯಾಸದ ಸಣ್ಣ ಪ್ರಕಾಶಕರಿದ್ದರು. ಅವರಿಗೆ ಹಸ್ತಪ್ರತಿ ಕಳಿಸುವಾಗ ನಮ್ಮದೇ ವಿಳಾಸ ಬರೆದು, ಸ್ಟಾಂಪು ಹಚ್ಚಿದ ಖಾಲಿ ಪಾಕೀಟೊಂದನ್ನು ಜೊತೆಗಿಡಬೇಕು. ಬೇಡವಾದರೆ ಅದರಲ್ಲೇ ತುಂಬಿ ಮರಳಿಸುತ್ತಾರೆ. ನನ್ನದು ಒಮ್ಮೆಯೂ ತಪ್ಪದೆ ಮರಳುತ್ತಿತ್ತು. ಪೋಸ್ಟಮನ್ ಹನಮಂತಪ್ಪ, "ಮಾಸ್ತರ, ನಿಮಗ ನೀವೇ ಬರಕೊಂಡ ಪಾಕೀಟ ಬಂದೈತ್ರಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಮುಂಡರಗಿಯ ಪ್ರಕಾಶಕರು 'ಸ್ಥಳಾಭಾವ' ಎಂದು ಬರೆದಿದ್ದರು. ಇಡೀ ಪುಸ್ತಕಕ್ಕೆ ಎಂಥ ಸ್ಥಳಾಭಾವವೋ! ಶಿರಹಟ್ಟಿಯಿಂದ ಬಂದ ಪ್ರತಿಯ ಮೇಲೆ ಚಹಾದ ಕಪ್ಪಿನ ಗುರುತಿತ್ತು. ಚಹಾ ಕುಡಿಯುತ್ತ ಓದಿದ್ದಾರೆ ಎಂದು ಹಿಗ್ಗಿದೆ. "ಅದು ನಮ್ಮ ಮನಿ ಕಪ್ಪಿಂದರಿ. ಕಳಸೂಕಿಂತ ಮೊದಲs ಇತ್ತು" ಎಂದಳು ಹೆಂಡತಿ.

ಹೀಗಿರುವಾಗ ನಮ್ಮ ಶಾಲೆಯ ಗಣಿತದ ಮಾಸ್ತರ, ಅಡರಕಟ್ಟಿಯ ಫಕ್ಕೀರಪ್ಪ, ಹಾಳೆಗಳ ಕಟ್ಟೊಂದನ್ನು ಹಿಡಿದು ಬಂದ. "ಸರ, ನಾನೂ ಒಂದಿಷ್ಟು ಬರದೇನ್ರಿ. ಲಕ್ಷ್ಮೇಶ್ವರದ ಪ್ರಕಾಶಕರಿಗೆ ನಿಮ್ಮದು ಕಳಸೂ ಮುಂದ ಇದನ್ನೂ ಹಾಕ್ರಿ" ಎಂದ. ಓದಿದೆ. ಚೆನ್ನಾಗಿದ್ದವು. ಬಹಳ ಚೆನ್ನಾಗಿದ್ದವು. ಗಣಿತ ಕಲಿಸುವವನಿಗೆ ಇದೆಲ್ಲ ಯಾಕೆ ಬೇಕಿತ್ತು? ಪಾಕೀಟಿನ ಪದ್ಧತಿ ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ನನ್ನ ಹಸ್ತಪ್ರತಿಗೆ ಪಾಕೀಟು ಇಟ್ಟೆ, ಅವನದಕ್ಕೆ ಇಡಲಿಲ್ಲ. ಅವನದು ಅಲ್ಲೇ ಕಸದ ಬುಟ್ಟಿ ಸೇರಲಿ ಎಂಬುದೇ ನನ್ನ ಆಸೆ.

ಹದಿನೈದು ದಿನಕ್ಕೆ ನನ್ನದು ಮರಳಿತು. ನಾಲ್ಕು ತಿಂಗಳಿಗೆ ಫಕ್ಕೀರಪ್ಪನ ಸಂಕಲನ ಹೊರಬಂತು. 'ಪ್ರೀತಿಯಿಂದ ಅಂಚೆಗೆ ಹಾಕಿದ ಗುರುಸಮಾನರಿಗೆ' ಎಂದು ಹೆಸರು ಹಾಕಿ ನನಗೇ ಅರ್ಪಣೆ ಮಾಡಿದ್ದ. ಕವನದ ಪುಸ್ತಕದಲ್ಲಿ ನನ್ನ ಹೆಸರು ಅಚ್ಚಾದದ್ದು ಅದೇ ಮೊದಲು.

ಸಂಕಟ ತಡೆಯಲಾಗದೆ ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ ಹೋದೆ. ಪ್ರಕಾಶಕರದು ಅರಿವೆ ಅಂಗಡಿ. ಗಿರಾಕಿಗೆ ಸೀರೆ ಬಿಚ್ಚಿ ತೋರಿಸುತ್ತಲೇ, "ಬರ್ರಿ, ಕುಂಡ್ರಿ" ಎಂದರು.

"ಅವರದು ಯಾಕ ಆರಿಸಿದ್ರಿ?" ಎಂದೆ.

"ಖರೆ ಹೇಳ್ತೇನ್ರಿ. ನಿಮ್ಮದರ ಜೋಡಿ ಪಾಕೀಟ ಇತ್ತು, ಜಲ್ದಿ ವಾಪಸ್ ಹಾಕಿದೆ. ಅವರದಕ್ಕ ಪಾಕೀಟs ಇರಲಿಲ್ಲ. ರೊಕ್ಕದ ಗಲ್ಲೆದ ಮ್ಯಾಲೇ ಬಿದ್ದಿತ್ತು. ದಿನಾ ಕಣ್ಣಿಗೆ ಬೀಳ್ತಿತ್ತು, ಒಂದಿನ ಓದಿದೆ. ಭಾಳ ಚಲೋ ಅನಸ್ತು."

ಅಯ್ಯೋ ನನ್ನ ಕರ್ಮವೇ! ಅವನನ್ನು ಕವಿ ಮಾಡಿದ್ದು ನನ್ನ ಹೊಟ್ಟೆಕಿಚ್ಚೇ. ಊರಿಗೆ ಬಂದವನೇ ನನ್ನ ಹಸ್ತಪ್ರತಿಯನ್ನು ಪಾಕೀಟಿಲ್ಲದೆ ಅವರಿಗೇ ಕಳಿಸಿದೆ. ಎರಡು ತಿಂಗಳು ಸುದ್ದಿಯಿಲ್ಲ. ಹನಮಂತಪ್ಪ ಬರಿಗೈಯಲ್ಲಿ ಹೋದಷ್ಟೂ ನನಗೆ ಹಿಗ್ಗು.

ಒಂದು ಸೋಮವಾರ ಫಕ್ಕೀರಪ್ಪ ಊರಿಂದ ಲಕ್ಷ್ಮೇಶ್ವರದ ಮೇಲೆ ಬರುವಾಗ ಕಟ್ಟೊಂದನ್ನು ತಂದು ನನ್ನ ಕೈಗಿಟ್ಟ. "ಸರ, ಪಾಕೀಟ ಇಡೂದ ಮರತಿದ್ರಂತ. ನಾನs ಇಸ್ಕೊಂಡ ಬಂದೆ."

"ಓದೇ ಇಲ್ಲೇನೋ ಅವರು?"

"ಛೇ, ಹಂಗ ಅನಬ್ಯಾಡ್ರಿ" ಎಂದು ಅವನು ಸಮಾಧಾನ ಹೇಳಿದ, "ಎರಡು ಸಲ ಓದ್ಯಾರ."

ಅಲ್ಲಿಯವರೆಗೆ, ಯಾರೂ ಓದದೆಯೇ ಮರಳಿಸುತ್ತಾರೆ ಎಂಬ ಒಂದೇ ಧೈರ್ಯದಲ್ಲಿ ನಾನು ಕವಿಯಾಗಿದ್ದೆ. ಅಂದಿನಿಂದ ಮತ್ತೆ ಪಾಕೀಟು ಇಡುತ್ತೇನೆ, ಎಲ್ಲಕ್ಕಿಂತ ಮೇಲೆ, ಕಣ್ಣಿಗೆ ರಾಚುವಂತೆ. ಓದುವ ಮೊದಲೇ ಮರಳಿಸಿಬಿಡಲಿ.