ನೋಡುವವರಿಲ್ಲದ ಆಟಕ್ಕೊಬ್ಬ ಕೋಚು

ಇವತ್ತು ಯಾರ ಹತ್ತಿರವೂ ಜಗಳ ಆಡಬಾರದು ಅಂದುಕೊಂಡೇ ಮನೆ ಬಿಡುತ್ತೇನೆ. ಹೇವರ್ಡ್ ದಾಟುವಷ್ಟರಲ್ಲಿ ಜಗಳಕ್ಕೊಂದು ಕಾರಣ ಸಿಗುತ್ತದೆ, ಸಂಜೆಯೊಳಗೆ ಆ ಜಗಳ ನಗೆಪಾಟಲಾಗುತ್ತದೆ. ಇಲ್ಲಿ ಅಮೆರಿಕದಲ್ಲಿ, ನೇರ ಯೂನಿವರ್ಸಿಟಿಗೆ ಹೋಗಲಾಗದವರು ಮೊದಲೆರಡು ವರ್ಷ ಓದುವ ಜೂನಿಯರ್ ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ಟೀಮಿಗೆ ಹೆಡ್ ಕೋಚ್ ಆದ ಮೇಲೆ ಇಂಥದ್ದು ನಡೆಯದ ವಾರವೇ ಇಲ್ಲ. ನನಗೆ ಈ ಆಟವನ್ನು ಯಾವ ಗುರುವೂ ಕಲಿಸಲಿಲ್ಲ. ದಾವಣಗೆರೆಯಲ್ಲಿ ಹುಡುಗರು ಆಡುತ್ತಿದ್ದ ಸಿಮೆಂಟು ಅಂಗಳದ ತಂತಿಬೇಲಿಗೆ ಮೂಗು ಒತ್ತಿಕೊಂಡು ನೋಡಿ ಕಲಿತೆ. ಹುಡುಗಿಯರಿಗೆ ಜಾಗ ಇಲ್ಲ ಅಂದರು, ಬೈದು ಒಳಗೆ ನುಗ್ಗಿದೆ. ಹಾಗಾಗಿ ನನಗೆ ಬೈಗುಳ ಮೊದಲು ಬಂತು, ಆಟ ಆಮೇಲೆ.

ಡ್ರೈವರು

ಹೆಡ್ ಕೋಚ್ ಅಂದರೆ ಸೂಟು ಹಾಕಿಕೊಂಡು ಕೈಕಟ್ಟಿ ನಿಲ್ಲುವವರು ಅಂತ ಜನ ತಿಳಿದಿದ್ದಾರೆ. ಅದು ದೊಡ್ಡ ಯೂನಿವರ್ಸಿಟಿಗಳ ಮಾತು. ನಮ್ಮಲ್ಲಿ ವ್ಯಾನು ಓಡಿಸುವವಳೂ ನಾನೇ, ಚೆಂಡಿಗೆ ಗಾಳಿ ಹೊಡೆಯುವವಳೂ ನಾನೇ, ಬೆವರಿನ ಜೆರ್ಸಿಗಳನ್ನು ಒಗೆಯುವವಳೂ ನಾನೇ.

ಒಂದು ಸಲ ಬೇರೆ ಕಾಲೇಜಿಗೆ ಆಡಲು ಹೋದೆವು. ಬಾಗಿಲಲ್ಲಿದ್ದ ಸೆಕ್ಯುರಿಟಿಯವನು ಹುಡುಗಿಯರನ್ನೆಲ್ಲ ಒಳಗೆ ಬಿಟ್ಟು ನನ್ನನ್ನು ತಡೆದ.

"ಡ್ರೈವರುಗಳು ಪಾರ್ಕಿಂಗಿನಲ್ಲೇ ಇರಬೇಕಮ್ಮ."

ನಾನು ಶುರು ಮಾಡಿದೆ. ಡ್ರೈವರ್ ಆದರೆ ಮನುಷ್ಯಳಲ್ಲವಾ, ಅವಳು ಆಟ ನೋಡಬಾರದಾ, ಈ ಬಾಗಿಲು ಯಾರಪ್ಪನದು. ನಾನು ಕೋಚ್ ಅನ್ನುವ ಮುಖ್ಯ ವಿಷಯ ಹೇಳುವುದನ್ನೇ ಮರೆತು, ಲೋಕದ ಡ್ರೈವರುಗಳೆಲ್ಲರ ಪರವಾಗಿ ವಾದಿಸುತ್ತ ನಿಂತುಬಿಟ್ಟೆ. ಅಷ್ಟರಲ್ಲಿ ನಮ್ಮ ಕ್ಯಾಪ್ಟನ್ ಹುಡುಗಿ ನನ್ನನ್ನು ಹುಡುಕಿಕೊಂಡು ವಾಪಸ್ ಬಂದಳು.

ಅವನು ಅವಳನ್ನು ಕೇಳಿದ, "ನಿಮ್ಮ ಕೋಚ್ ಎಲ್ಲಿ? ಅವರ ಹತ್ತಿರ ಮಾತಾಡ್ತೀನಿ."

"ಇವರೇ," ಅಂದಳು ಅವಳು. "ಮೊದಲು ನಮಗೂ ನಂಬಿಕೆ ಬರಲಿಲ್ಲ."

ಉದ್ದದ ಹುಡುಗಿ

ನಮ್ಮ ಕಾಲೇಜಿಗೆ ಸೇರಿದ್ದ ಒಬ್ಬ ಕನ್ನಡದ ಹುಡುಗಿ ಬಾಗಿಲಲ್ಲಿ ತಲೆ ತಗ್ಗಿಸಿ ನಡೆಯುವಷ್ಟು ಎತ್ತರ. ಟೀಮಿಗೆ ಕರೆದರೆ "ಆಸ್ಕ್ ಮೈ ಮಾಮ್" ಅಂದಳು. ಹೇವರ್ಡ್ ಹತ್ತಿರದ ಡಬ್ಲಿನ್ ಊರಲ್ಲಿ ಅವರ ಮನೆಗೆ ಹೋದೆ. ಉಡುಪಿ ಕಡೆಯವರು. ತಾಯಿ ಕಾಫಿ ಕೊಟ್ಟು ದನಿ ತಗ್ಗಿಸಿದರು.

"ನೋಡಿ ಕೋಚ್, ಮಗಳು ಒಂದು ವರ್ಷ ಬ್ರೇಕ್ ತಗೊಂಡಿದ್ದಾಳೆ ಅಂತ ಎಲ್ಲರಿಗೂ ಹೇಳಿದ್ದೇವೆ. ಜೂನಿಯರ್ ಕಾಲೇಜು ಅಂತ ನಮ್ಮವರಿಗೆ ಗೊತ್ತಾದ್ರೆ ತಲೆ ಎತ್ತೋ ಹಾಗಿಲ್ಲ."

ನನಗೆ ಪಿತ್ತ ನೆತ್ತಿಗೇರಿತು. ನನ್ನ ಟೀಮಿನ ಅರ್ಧ ಜನ ಗೋದಾಮಿನಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದು ಆಡುವವರು, ಚೆನ್ನಾಗಿ ಆಡಿದರೆ ಯೂನಿವರ್ಸಿಟಿಯವರು ಫೀಸಿಲ್ಲದೆ ಕರೆದುಕೊಳ್ಳುತ್ತಾರೆ, ಅವರಿಗಿರುವ ಬಾಗಿಲು ಇದೊಂದೇ, ಇದರಲ್ಲಿ ನಾಚಿಕೆ ಏನು ಬಂತು ಅಂತ ದೊಡ್ಡ ಭಾಷಣ ಬಿಗಿದೆ. ಮೂಲೆಯ ಕುರ್ಚಿಯಿಂದ ಅಜ್ಜಿ ಬಾಯಿ ಹಾಕಿದರು.

"ಅದೆಲ್ಲ ಇರ್ಲಿ ಮಾರಾಯ್ತಿ. ಅಲ್ಲಿ ಆಡುವ ಹುಡುಗರು ಉದ್ದ ಇದ್ದಾರಾ? ಇವಳಿಗೆ ಸರಿಯಾದ ಗಂಡು ಎಲ್ಲಿ ಹುಡುಕುದು?"

"ಹುಡುಗರಿಲ್ಲ ಅಜ್ಜಿ, ಇದು ಹುಡುಗಿಯರ ಟೀಮು."

"ನೋಡ್ಲಿಕ್ಕೆ ಬರುವವರಲ್ಲಿ?"

ನಿಜ ಹೇಳಿದೆ. "ನೋಡೋಕೆ ಯಾರೂ ಬರಲ್ಲ ಅಜ್ಜಿ. ಪೂರಾ ಖಾಲಿ."

ತಾಯಿಯ ಮುಖ ಅರಳಿತು. "ಹಾಗಿದ್ರೆ ಆಡ್ಲಿ ಬಿಡಿ."

ಹೋರಾಟ

ಆ ಖಾಲಿ ಬೆಂಚುಗಳೇ ನಮ್ಮ ಕುತ್ತಿಗೆಗೆ ಬಂದವು. ಒಂದು ದಿನ ನಮ್ಮ ಡೀನು ಆಟ ನೋಡಲು ಬಂದರು. ಅವರನ್ನು ಬಿಟ್ಟರೆ ಗ್ಯಾಲರಿಯಲ್ಲಿ ಇದ್ದವನು ಒಬ್ಬನೇ. ಅವನು ನಮ್ಮ ಆಟ ಮುಗಿಯಲಿ ಅಂತ ಕಾಯುತ್ತಿದ್ದ ಬ್ಯಾಡ್ಮಿಂಟನ್ ಆಟಗಾರ.

ಡೀನು ಒಳ್ಳೆಯ ಮನುಷ್ಯರೇ, ಆದರೆ ನೇರವಾಗಿ ಮಾತಾಡಿದರೆ ನಾಲಿಗೆ ಸವೆಯುತ್ತದೆ ಅಂತ ಭಯ. "ಈ ಟೀಮಿನ ಭವಿಷ್ಯದ ಬಗ್ಗೆ ನಾವೊಂದು ಸಂವಾದ ಮಾಡಬೇಕಾಗಬಹುದು, ಕೋಚ್," ಅಂದರು.

"ಮುಚ್ತೀರಾ? ಹಾಗಂತಲೇ ಹೇಳಿ."

"ಕೊನೆಯ ಪಂದ್ಯಕ್ಕೆ ಬರ್ತೀನಿ. ಅವತ್ತೂ ಹೀಗೇ ಇದ್ದರೆ ಕಷ್ಟ."

ಮಾರನೆಯ ದಿನವೇ ಕ್ಯಾಂಟೀನಿನ ಮುಂದೆ ಬೆಂಚು ಹತ್ತಿ ಮೆಗಾಫೋನ್ ಹಿಡಿದೆ. ಕಟ್ಟಡಕ್ಕೆ ಬಣ್ಣ ಬಳಿಯೋಕೆ ದುಡ್ಡಿದೆ, ದುಡಿದು ಆಡುವ ಮಕ್ಕಳಿಗೆ ಇಲ್ಲವಾ ಅಂತ ಗಂಟಲು ಹರಿಯುವಂತೆ ಕೂಗಿದೆ. ಹುಡುಗರು ಹಿಂಡುಹಿಂಡಾಗಿ ಸೇರಿದರು, ಮುಷ್ಟಿ ಎತ್ತಿದರು, ಘೋಷಣೆ ಹಾಕಿದರು. ನನಗೆ ಕಣ್ಣೀರೇ ಬಂತು.

"ಹಾಗಾದರೆ ಶನಿವಾರ ಎಲ್ಲರೂ ಕೊನೆಯ ಆಟ ನೋಡೋಕೆ ಬನ್ನಿ," ಅಂದೆ.

ಮುಷ್ಟಿಗಳು ಮೆಲ್ಲಗೆ ಇಳಿದವು. ಎಲ್ಲರಿಗಿಂತ ಜೋರಾಗಿ ಕೂಗಿದ್ದವನು ಹತ್ತಿರ ಬಂದು ನನ್ನ ಭುಜ ತಟ್ಟಿದ. "ಟೀಮು ಉಳಿಸೋಕೆ ನಾವಿದ್ದೀವಿ ಕೋಚ್. ನೋಡೋಕೆ ಮಾತ್ರ ಬೇರೆ ಯಾರನ್ನಾದ್ರೂ ಹುಡುಕಿ."

ಶನಿವಾರ

ಶನಿವಾರ ಆಟಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ, ನಾವು ಆಡುವ ಜಿಮ್ ಹಾಲಿನ ಬಾಗಿಲು ತೆರೆದು ಬಿಸಿಬೇಳೆಬಾತಿನ ದೊಡ್ಡ ತಟ್ಟೆಗಳು ಒಳಗೆ ಬಂದವು. ಹಿಂದೆ ರೇಷ್ಮೆ ಸೀರೆಗಳು. ಅವುಗಳ ಹಿಂದೆ ಗೆಜ್ಜೆ ಕಟ್ಟಿದ ಮಕ್ಕಳು. ಕಾಲೇಜಿನವರು ಒಂದೇ ಜಿಮ್ಮನ್ನು ಇಬ್ಬರಿಗೆ ಕೊಟ್ಟಿದ್ದರು, ನಮಗೂ, ಕನ್ನಡ ಸಂಘದ ಸಂಕ್ರಾಂತಿ ಕಾರ್ಯಕ್ರಮಕ್ಕೂ. ಫೆಬ್ರವರಿಯಲ್ಲಿ ಎಂಥ ಸಂಕ್ರಾಂತಿ ಅಂತ ಕೇಳಬೇಡಿ. ಇಲ್ಲಿ ಹಾಲ್ ಸಿಕ್ಕ ದಿನವೇ ಸೂರ್ಯ ಪಥ ಬದಲಿಸುವುದು.

ಸಂಘದ ಅಧ್ಯಕ್ಷರು ಹುಬ್ಬಳ್ಳಿಯವರು. "ನಮ್ಮ ಪ್ರೋಗ್ರಾಮ್ ನಾಲ್ಕಕ್ಕ ಐತ್ರಿ ಮೇಡಂ," ಅಂದರು.

"ನಮ್ಮ ಆಟವೂ ನಾಲ್ಕಕ್ಕೆ. ಸರ್, ನಾನೂ ಕನ್ನಡದವಳೇ. ನಿಜ ಹೇಳಿ. ಎಷ್ಟಕ್ಕೆ ಶುರು ಮಾಡ್ತೀರಿ?"

ಅವರು ಆಚೀಚೆ ನೋಡಿದರು. "ಆರಕ್ಕ ಆದ್ರ ದೇವರ ದಯಾರಿ."

"ಅಷ್ಟರೊಳಗೆ ನಮ್ಮದು ಮುಗಿಯುತ್ತೆ. ಎಲ್ಲರನ್ನೂ ಗ್ಯಾಲರಿಯಲ್ಲಿ ಕೂರಿಸಿ."

ಹಾಗೆ ನಮ್ಮ ಗ್ಯಾಲರಿ ಮೊದಲ ಸಲ ತುಂಬಿತು. ಬಾಗಿಲಲ್ಲಿ ಡೀನು ತಮ್ಮ ಕಣ್ಣು ನಂಬದೆ ನಿಂತರು. ಯಾರು ನಮ್ಮವರು ಅಂತ ತಿಳಿಯದ ಜನ ಎರಡೂ ಕಡೆಯವರ ಬಾಸ್ಕೆಟ್ಟಿಗೂ ಚಪ್ಪಾಳೆ ಹೊಡೆದರು. ರೆಫರಿ ಜೊತೆ ನಾನು ಕಿತ್ತಾಡುವಾಗ ಒಬ್ಬ ಹೆಂಗಸು ನಡುವೆ ಬಂದು ಇಬ್ಬರ ಕೈಗೂ ಎಳ್ಳುಬೆಲ್ಲ ಹಾಕಿ, "ತಿಂದು ಒಳ್ಳೆ ಮಾತಾಡಿ," ಅಂದರು. ಡಬ್ಲಿನ್ ತಾಯಿಯೂ ಸಂಘದವರೊಂದಿಗೆ ಬಂದಿದ್ದರು. ಮೊದಮೊದಲು ಮುಖಕ್ಕೆ ಸೆರಗು ಹಿಡಿದಿದ್ದವರು, ಮಗಳು ಮೂರನೇ ಬಾಸ್ಕೆಟ್ ಹಾಕಿದಾಗ ಬೆಂಚಿನ ಮೇಲೆ ನಿಂತಿದ್ದರು.

ಆಟ ಸೋತೆವು. ಅಧ್ಯಕ್ಷರು ಬೆವರುತ್ತ ನನ್ನ ಬಳಿ ಓಡಿ ಬಂದರು. ಮುಖ್ಯ ಅತಿಥಿ ಫ್ರೀವೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು. "ಆ ಸೂಟು ಹಾಕ್ಕೊಂಡಾವ್ರು ಯಾರ್ರಿ?"

"ನಮ್ಮ ಡೀನು."

"ಸಾಕು ಬಿಡ್ರಿ."

ನಾನು ಜೀವಮಾನವಿಡೀ ಸನ್ಮಾನಗಳನ್ನು ಬೈದವಳು. ಕೆಲಸ ಮಾಡದವರಿಗೆ ಶಾಲು ಹೊದಿಸುವ ರೋಗ ಅಂತ ವೇದಿಕೆಯ ಮುಂದೆಯೇ ಕೂಗಿದವಳು. ಅವತ್ತು ತೆಪ್ಪಗೆ ಹಣ್ಣಿನ ಬುಟ್ಟಿ ಹಿಡಿದು ನಿಂತೆ. ಡೀನಿಗೆ ಶಾಲು ಹೊದಿಸಿ, ಹಾರ ಹಾಕಿ, ಮೈಸೂರು ಪೇಟ ಇಟ್ಟರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಡೀನುಗಳಿಗೆ ಚಪ್ಪಾಳೆ ತಟ್ಟುವವರು ಎಲ್ಲಿದ್ದಾರೆ? ಆ ಮನುಷ್ಯ ಕರಗಿಹೋದರು. ಆದರೂ ಟೀಮಿನ ಬಗ್ಗೆ ಮೈಕಿನಲ್ಲಿ ಹೇಳಿದ್ದು, "ಸಂವಾದ ಮುಂದುವರಿಸೋಣ" ಅಂತಲೇ. ನನ್ನ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಷ್ಟರಲ್ಲಿ ನಿಜವಾದ ಅತಿಥಿ ಬಂದರು. ಸಂಘದಲ್ಲಿ ಪೇಟ ಇದ್ದದ್ದು ಒಂದೇ.

"ಮೇಡಂ, ನಿಮ್ಮ ಪರಿಚಯದವರು," ಅಧ್ಯಕ್ಷರು ಕೈಮುಗಿದರು. "ಸ್ವಲ್ಪ ವಾಪಸ್ ಇಸ್ಕೊಡ್ರಿ."

ಡೀನು ಫೋಟೋ ತೆಗೆಸಿಕೊಳ್ಳಲು ಸಾಲಾಗಿ ನಿಂತ ಹೆಂಗಸರ ನಡುವೆ ಇದ್ದರು. ನಾನು ಹತ್ತಿರ ಹೋಗಿ ಅವರ ಪೇಟದತ್ತ ಕೈ ಚಾಚಿ, "ಡೀನ್, ಒಂದು ಮಾತು," ಅಂದೆ.

ಅವರು ಥಟ್ಟನೆ ಎರಡೂ ಕೈಯಲ್ಲಿ ಪೇಟ ಒತ್ತಿ ಹಿಡಿದುಕೊಂಡು ಹಿಂದೆ ಸರಿದರು.

"ಟೀಮು ಇಟ್ಕೊಳ್ಳಿ ಕೋಚ್. ಇದನ್ನ ಮಾತ್ರ ಕೊಡೋದಿಲ್ಲ."