ಅರ್ಧ ಇಷ್ಟವಾದ ಕಾದಂಬರಿಯ ಪ್ರಕರಣ

‘ಉಪ್ಪಿನ ರೆಕ್ಕೆ’ ಎಂಬ ಕಾದಂಬರಿಯು ನಗರದ ಸಮಸ್ತ ಹದಿಹರೆಯದವರಿಗೂ ತುಂಬಾ ಇಷ್ಟವಾಗಿದೆ ಎಂದು ನಮ್ಮ ಕೇಂದ್ರ ಗ್ರಂಥಾಲಯವು ಅಧಿಕೃತವಾಗಿ ಪ್ರಕಟಿಸಿತು. ಪುಸ್ತಕ ಮುಂದಿನ ತಿಂಗಳು ಬಂತು.

ಹೀಗೆ ಮುಂಗಡವಾಗಿ ಇಷ್ಟಪಡುವುದಕ್ಕೆ ಸಕಾರಣವಿತ್ತು. ಪ್ರಕಾಶಕರು ಗ್ರಂಥಾಲಯಕ್ಕೆ ಒಂದು ಲಿಫ್ಟ್ ದಾನ ಮಾಡಿದ್ದರು. ನಮ್ಮದು ಮಹಡಿಯಿಲ್ಲದ ಕಟ್ಟಡ. ಆದರೂ ಲಿಫ್ಟ್ ಲಿಫ್ಟೇ. ಒಳಗೆ ಕನ್ನಡಿಯಿದೆ, ಮುಖ್ಯ ಗ್ರಂಥಪಾಲಕರು ಅಲ್ಲಿ ನಿಂತು ತಲೆ ಬಾಚಿಕೊಳ್ಳುತ್ತಾರೆ. ಅವರು ಕಾದಂಬರಿಯನ್ನು ಓದಿರಲಿಲ್ಲ. ಓದಿದರೆ ಪಕ್ಷಪಾತ ಬಂದುಬಿಡುತ್ತದೆ ಎಂಬುದು ಅವರ ಖಚಿತ ಅಭಿಪ್ರಾಯ. ಇಡೀ ಸೇವಾವಧಿಯಲ್ಲಿ ಒಮ್ಮೆಯೂ ಪಕ್ಷಪಾತಕ್ಕೆ ಒಳಗಾದವರಲ್ಲ.

ಪ್ರಚಾರಕ್ಕೇನೂ ಕೊರತೆಯಿರಲಿಲ್ಲ. ಬಸ್ಸಿನ ಹಿಂದೆ, ಕ್ಷೌರದಂಗಡಿಯ ಕನ್ನಡಿಯ ಮೇಲೆ, ಆಸ್ಪತ್ರೆಯ ಟೋಕನ್ನಿನ ಬೆನ್ನಿಗೆ, ಎಲ್ಲಿ ನೋಡಿದರೂ ರೆಕ್ಕೆ ಬಿಚ್ಚಿದ ಹುಡುಗಿಯ ಚಿತ್ರ. ಪುಸ್ತಕ ವಾಪಸು ಪಡೆಯಲು ಎರಡು ಕಿಟಕಿ ತೆರೆದೆವು. ಒಂದರ ಮೇಲೆ ‘ತುಂಬಾ ಇಷ್ಟವಾಯಿತು’ ಎಂಬ ಫಲಕ, ಇನ್ನೊಂದರ ಮೇಲೆ ‘ಇಷ್ಟವಾಗಲಿಲ್ಲ’. ಎರಡನೆಯದರಲ್ಲಿ ನನ್ನನ್ನು ಕೂರಿಸಿದರು. ಮೊದಲ ಕಿಟಕಿಯಲ್ಲಿ ಪುಸ್ತಕ ಕೊಟ್ಟವರಿಗೆ ಕೂಡಲೇ ಎರಡನೇ ಭಾಗ ಸಿಗುತ್ತಿತ್ತು, ನನ್ನಲ್ಲಿ ಕೊಟ್ಟವರಿಗೆ ಇಲ್ಲ. ಇದರಲ್ಲಿ ದ್ವೇಷವೇನೂ ಇರಲಿಲ್ಲ. ಇಷ್ಟವಾಗದವರ ಕೈಗೆ ಮತ್ತೆ ಅದನ್ನೇ ತುರುಕುವುದು ಅಮಾನವೀಯವೆಂದು ನಿಯಮದಲ್ಲೇ ಹೇಳಿತ್ತು. ಪಕ್ಕದ ಕಿಟಕಿಯಲ್ಲಿ ನೂಕುನುಗ್ಗಲು. ನಾನು ನೊಣ ಹೊಡೆಯುತ್ತಾ ಕೂತಿದ್ದೆ.

ಆಗ ಬಂದವಳು ನಮ್ಮ ಬೈಂಡರ್ ಮಗಳು. ಅವಳಪ್ಪ ಹಿಂದಿನ ಕೋಣೆಯಲ್ಲಿ ಕಿತ್ತುಹೋದ ಪುಸ್ತಕಗಳನ್ನು ಹೊಲಿದು ರಟ್ಟು ಹಾಕುವವರು. ಹುಡುಗಿ ಎರಡು ಕಿಟಕಿಗಳ ನಡುವಿನ ಗೋಡೆಯ ಎದುರು ಪುಸ್ತಕ ಹಿಡಿದು ನಿಂತಳು.

“ಏನಮ್ಮಾ, ಗೋಡೆಗೆ ಕೊಡ್ತೀಯಾ?” ಎಂದೆ.

“ಅಂಕಲ್, ಅರ್ಧ ಇಷ್ಟ ಆಯ್ತು. ಅರ್ಧ ಆಗ್ಲಿಲ್ಲ.”

“ಒಟ್ಟಾರೆ ಹೇಳು.”

“ಒಟ್ಟಾರೆ ಹೇಳಿದ್ರೆ ಸುಳ್ಳಾಗುತ್ತೆ. ಕಥೆಯ ಹುಡುಗಿಗೆ ರೆಕ್ಕೆ ಮೂಡೋವರೆಗೂ ಪುಸ್ತಕ ಕೆಳಗಿಡೋಕೇ ಆಗ್ಲಿಲ್ಲ. ಊಟಕ್ಕೆ ಕೂತಾಗ್ಲೂ ಓದಿ ಅಮ್ಮನ ಹತ್ರ ಬೈಸ್ಕೊಂಡೆ. ಆಮೇಲೆ ಒಬ್ಬ ರಾಜಕುಮಾರ ಬಂದ. ಅವನ ಕಣ್ಣು ಯಾವ ಬಣ್ಣ ಅಂತ ಪುಟಗಟ್ಟಲೆ. ಅಲ್ಲಿ ಲೋಕ ಮುಳುಗ್ತಿದೆ, ಇವಳು ಕಣ್ಣು ನೋಡ್ತಾ ನಿಂತಿದಾಳೆ.”

“ಹಾಗಾದ್ರೆ ಇಷ್ಟ ಆಗ್ಲಿಲ್ಲ ಅನ್ನು. ಇಲ್ಲೇ ಕೊಡು.” ಗಿರಾಕಿ ಸಿಕ್ಕ ಆಸೆ ನನಗೆ.

“ಆದ್ರೆ ಎರಡನೇ ಭಾಗ ಬೇಕು ಅಂಕಲ್. ಅವಳ ತಂಗಿ ಸಮುದ್ರದೊಳಗೇ ಉಳಿದುಬಿಟ್ಟಿದಾಳೆ. ಸಿಕ್ಕಿದ್ಲೋ ಇಲ್ವೋ ಗೊತ್ತಾಗ್ಬೇಕಲ್ಲ. ನನಗೆ ನಿದ್ದೇನೇ ಬರ್ತಿಲ್ಲ.”

ಆ ತಂಗಿಯ ಬಗ್ಗೆ ಇಂಥ ಕಾಳಜಿಯನ್ನು ಪಕ್ಕದ ಸಾಲಿನಲ್ಲಿ ಯಾರ ಮುಖದಲ್ಲೂ ನಾನು ಕಂಡಿರಲಿಲ್ಲ. ಅವರಲ್ಲಿ ಅನೇಕರು ಪುಸ್ತಕದ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ.

ಸುದ್ದಿ ತಿಳಿದು ಬೈಂಡರ್ ಅಂಟು ಮೆತ್ತಿದ ಕೈಯಲ್ಲೇ ಓಡಿ ಬಂದರು. “ಪುಟ್ಟಾ, ಇಷ್ಟ ಆಯ್ತು ಅಂದ್ಬಿಡು. ನಿನ್ನ ಗಂಟೇನು ಹೋಗುತ್ತೆ?”

“ಹಾಗಂದ್ರೆ, ನಿಜವಾಗ್ಲೂ ಇಷ್ಟ ಆಗಿದ್ದು ಯಾವುದು ಅಂತ ನನಗೇ ಮರೆತುಹೋಗುತ್ತಪ್ಪ.”

ಇಂಥ ಮಾತಿಗೆ ನಮ್ಮಲ್ಲಿ ಕಿಟಕಿ ಇರಲಿಲ್ಲ. ಮೂರನೆಯದೊಂದು ತೆರೆಯೋಣವೆಂದರೆ ಆ ಜಾಗದಲ್ಲಿ ಲಿಫ್ಟ್ ಇತ್ತು. ವಿಷಯ ಮುಖ್ಯ ಗ್ರಂಥಪಾಲಕರ ಮುಂದೆ ಹೋಯಿತು. ಅವರು ದೀರ್ಘವಾಗಿ ಆಲೋಚಿಸಿ ಕೆಳಕಂಡ ಪ್ರಕಟಣೆಯನ್ನು ಹೊರಡಿಸಿದರು:

“ಓದುಗರ ಭಾವನೆಗಳನ್ನು ಗ್ರಂಥಾಲಯವು ಗೌರವಿಸುತ್ತದೆ. ಮಿಶ್ರ ಭಾವನೆಯುಳ್ಳ ಓದುಗರು ತಮ್ಮ ಭಾವನೆ ಬದಲಾದ ಸ್ಥಳವನ್ನು ತೋರಿಸತಕ್ಕದ್ದು. ಸದರಿ ಸ್ಥಳದಲ್ಲಿ ಪುಸ್ತಕವನ್ನು ಕತ್ತರಿಸಿ, ಇಷ್ಟವಾದ ತುಂಡನ್ನು ಮೊದಲನೆಯ ಕಿಟಕಿಯಲ್ಲೂ, ಇಷ್ಟವಾಗದ ತುಂಡನ್ನು ಎರಡನೆಯ ಕಿಟಕಿಯಲ್ಲೂ ಸ್ವೀಕರಿಸಲಾಗುವುದು. ಕಣ್ಣೀರಿನಿಂದ ಒದ್ದೆಯಾದ ಪುಟಗಳನ್ನು ಒಣಗಿಸಿ ತರತಕ್ಕದ್ದು.”

ಕತ್ತರಿಸಲು ಬೈಂಡರ್‌ಗೇ ಹೇಳಿದರು. ಜೀವನವಿಡೀ ಹರಿದದ್ದನ್ನು ಹೊಲಿದ ಮನುಷ್ಯ, ಬ್ಲೇಡು ಹಿಡಿದು ಮಗಳ ಮುಖ ನೋಡಿದರು. ಅವಳು ರಾಜಕುಮಾರ ಕುದುರೆಯಿಂದಿಳಿಯುವ ಪುಟ ತೆಗೆದಳು. ಅವನ ಒಂದು ಕಾಲು ಇನ್ನೂ ಮೇಲಿರುವಾಗಲೇ ಪುಸ್ತಕ ಎರಡಾಯಿತು. ನನ್ನ ಕಿಟಕಿಗೆ ಬಂದ ಮೊಟ್ಟಮೊದಲ ಸ್ವತ್ತು ಇಷ್ಟವಾಗದ ಆ ತುಂಡು. ಮೊಹರು ಒತ್ತಿ ಒಳಗಿಟ್ಟುಕೊಂಡೆ.

ಅರ್ಧ ಇಷ್ಟಪಟ್ಟವರಿಗೆ ಎರಡನೇ ಭಾಗವೂ ಅರ್ಧವೇ ಸಲ್ಲತಕ್ಕದ್ದು. ಅದನ್ನೂ ಕತ್ತರಿಸಿ ಮೊದಲರ್ಧ ಕೊಟ್ಟರು. ಹುಡುಗಿ ಬಾಗಿಲ ಮೆಟ್ಟಿಲ ಮೇಲೇ ಕೂತು ಓದಿದಳು. ಮುಚ್ಚುವ ಹೊತ್ತಿಗೆ ಒಳಗೆ ಬಂದಳು.

“ತಂಗಿಯ ಕೈ ನೀರಿನ ಮೇಲೆ ಕಾಣ್ಸುತ್ತೆ ಸಾರ್. ಅಷ್ಟಕ್ಕೇ ನಿಂತೋಯ್ತು.”

“ಉಳಿದದ್ದು ಪೂರ್ತಿ ಇಷ್ಟಪಟ್ಟವರಿಗಮ್ಮ,” ಎಂದರು ಮುಖ್ಯ ಗ್ರಂಥಪಾಲಕರು, ಬಹಳ ಮೃದುವಾಗಿ.

ಹುಡುಗಿ ಅಪ್ಪನ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ನಾವಿಬ್ಬರೂ ನೆಲ ನೋಡಿದೆವು.

“ತುಂಬಾ ಇಷ್ಟ ಆಯ್ತು,” ಎಂದಳು.

“ಪೂರ್ತಿನಾ?” ಎಂದರು ಮುಖ್ಯ ಗ್ರಂಥಪಾಲಕರು.

“ಪೂರ್ತಿ.”

“ರಾಜಕುಮಾರ?”

“ಅವನೂನು. ಕಣ್ಣಂತೂ ತುಂಬಾ.”

ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಸದ್ಯ ಮಗಳಿಗೆ ಬುದ್ಧಿ ಬಂತು ಎಂದು ಬೈಂಡರ್ ಕಣ್ಣೊರೆಸಿಕೊಂಡರು. ನನಗೆ ಮಾತ್ರ ಇದು ಸರಿಯೆನಿಸಲಿಲ್ಲ. ಕಚೇರಿಯ ವೇಳೆ ಮುಗಿದಿದ್ದರಿಂದ ಅದನ್ನು ಯಾರಿಗೂ ತಿಳಿಸಲಾಗಲಿಲ್ಲ.

ಉಳಿದರ್ಧ ಅವಳ ಕೈಗೆ ಬಂತು. ಬಿಚ್ಚಿ ನೋಡದೆ ಚೀಲದೊಳಗೆ ಹಾಕಿಕೊಂಡಳು.

“ಮೂರನೇ ಭಾಗ ಯಾವಾಗ ಸಾರ್?”

“ಮುಂದಿನ ವರ್ಷ. ಇನ್ನೂ ಬರೀತಿದಾರೆ.”

“ಅದೂ ಇಷ್ಟ ಆಯ್ತು ಅಂತ ಈಗ್ಲೇ ಬರ್ಕೊಂಡುಬಿಡಿ,” ಎಂದು ಹೇಳಿ ಹೊರಟುಹೋದಳು.

ಮುಖ್ಯ ಗ್ರಂಥಪಾಲಕರು ಆ ಸಲಹೆಯನ್ನು ಮೆಚ್ಚಿ ಆಗಲೇ ಜಾರಿಗೆ ತಂದರು. ಈಗ ನನ್ನ ಕಿಟಕಿಯಲ್ಲಿ ಇನ್ನೂ ಬರೆಯದ ಪುಸ್ತಕಗಳಿಗೆ ಇಷ್ಟ ಸ್ವೀಕರಿಸಲಾಗುತ್ತಿದೆ. ನನಗೂ ಕೈತುಂಬ ಕೆಲಸ. ಓದುಗರಿಗಂತೂ ಬಹಳ ಅನುಕೂಲವಾಗಿದೆ. ಪುಸ್ತಕ ಹೊತ್ತುಕೊಂಡು ಹೋಗುವ ಕಷ್ಟವೂ ತಪ್ಪಿತು.